ಬ್ರೇಕಿನ ಮೇಲಿನ ಕಾಲು

ಜೂನ್ 3, ಮಂಗಳವಾರ

ಪುಟ್ಟನಿಗೆ ಅಕ್ಕ ಬರೆಯುವುದು.

ಈ ಪತ್ರ ನಿನ್ನ ಕೈ ಸೇರುತ್ತದೋ ಇಲ್ಲವೋ, ಸೇರಿದರೂ ಓದಲು ನಿನಗೆ ಬೆಳಕು ಕೊಡುತ್ತಾರೋ ಇಲ್ಲವೋ. ಲಕೋಟೆಯ ಮೇಲೆ ಜೈಲಿನ ವಿಳಾಸ ಬರೆಯುವಾಗ ನಿನ್ನ ಹೆಸರಿಗೆ ಮೊದಲು ‘ಶ್ರೀ’ ಹಾಕಬಹುದೋ ಬಾರದೋ ತಿಳಿಯಲಿಲ್ಲ. ಹಾಕಿಬಿಟ್ಟಿದ್ದೇನೆ. ತಪ್ಪಾಗಿದ್ದರೆ ಅಲ್ಲಿಯವರ ಹತ್ತಿರ ನನ್ನ ಪರವಾಗಿ ನೀನೇ ಕ್ಷಮೆ ಕೇಳಿಬಿಡು.

ಲಾಂಡ್ರಿಯಲ್ಲಿ ಊಟದ ಬಿಡುವು. ಇಸ್ತ್ರಿ ಮೇಜಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಮೇಜು ಇನ್ನೂ ಬಿಸಿ ಇದೆ, ಅಕ್ಷರ ಸೊಟ್ಟಗಾದರೆ ಅದಕ್ಕೆ ಅಂದುಕೋ. ಆರನೇ ಕ್ಲಾಸಿಗೆ ಬಿಟ್ಟ ಸ್ಕೂಲು, ನನ್ನ ಅಕ್ಷರ ತಣ್ಣನೆಯ ಮೇಜಿನ ಮೇಲೂ ಇಷ್ಟೇ.

ಆ ಸಂಜೆ ತಲೆಯೊಳಗೆ ಸುತ್ತುತ್ತಲೇ ಇದೆ. ಬರೆದರೆ ನಿಲ್ಲುತ್ತದೇನೋ ಅಂತ ಬರೆಯುತ್ತೇನೆ, ನೀನೂ ಅಲ್ಲೇ ಇದ್ದೆ, ಆದರೂ ಓದು. ನಮ್ಮ ಲಾಂಡ್ರಿಯ ಹಿಂದಿನ ಗೇಟು ಇಳಿಜಾರಿನಲ್ಲಿದೆ. ವ್ಯಾನಿನ ಹ್ಯಾಂಡ್‌ಬ್ರೇಕು ಹಿಡಿಯುವುದಿಲ್ಲ. ಕೇಳಿದಾಗಲೆಲ್ಲ ಮಾಲೀಕರದು ಒಂದೇ ಉತ್ತರ, ಮುಂದಿನ ತಿಂಗಳು. ಹಾಗಾಗಿ ನಿನ್ನ ಭಾವ ಹಿಂದೆ ನಿಂತು ಆಸ್ಪತ್ರೆಯ ಚಾದರದ ಗಂಟು ಇಳಿಸುವಾಗ ನಾನು ಮುಂದೆ ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕು ಒತ್ತಿ ಹಿಡಿಯುವುದು. ಇಂಜಿನ್ನು ಆರಿಸುವ ಹಾಗಿಲ್ಲ. ಆರಿಸಿದರೆ ಬ್ರೇಕು ಕಲ್ಲಿನ ಹಾಗೆ ಬಿಗಿದು, ನನ್ನ ಕಾಲಿಗೆ ಬಗ್ಗದೆ, ಗಾಡಿ ಮೆಲ್ಲಗೆ ಹಿಂದೆ ಜಾರುತ್ತದೆ. ಎಷ್ಟೋ ವರ್ಷದಿಂದ ಹೀಗೇ. ನಮಗೆ ಅದು ಕೆಲಸದ ಒಂದು ಭಾಗ, ಬಾಗಿಲು ಹಾಕಿ ಚಿಲಕ ಹಾಕಿದ ಹಾಗೆ.

ಅವತ್ತು ನೀನು ಬಸ್ ಡಿಪೋದಲ್ಲಿ ಯಾರದೋ ಬೀಳ್ಕೊಡುಗೆ ಮುಗಿಸಿ ಬಂದು ಮೆಟ್ಟಿಲ ಮೇಲೆ ಹಾಡು ಗುನುಗುತ್ತ ಕೂತಿದ್ದೆ. ಕುಡಿದ ವಾಸನೆ ಬಂತು, ಬೈದೆ. ಆಮೇಲೆ ಒಳಗಿಂದ ಇನ್ನೊಂದು ವಾಸನೆ ಬಂತು, ಬಟ್ಟೆ ಕಮರಿದ್ದು. ಇಸ್ತ್ರಿ ಮಿಷನ್ನಿನ ಬಿಸಿ ಮುಚ್ಚಳವನ್ನು ಚಾದರದ ಮೇಲೆ ಹಾಗೇ ಬಿಟ್ಟು ಬಂದಿದ್ದೆ. ನಿನ್ನನ್ನು ಕೂಗಿದೆ. ನಿನ್ನ ಕಾಲು ಬ್ರೇಕಿನ ಮೇಲೆ ಬರುವವರೆಗೆ ನನ್ನ ಕಾಲು ತೆಗೆಯಲಿಲ್ಲ, ಅಷ್ಟು ನೆನಪಿದೆ. “ನಾನು ಬರೋವರೆಗೂ ಕಾಲು ತೆಗೀಬೇಡ” ಅಂದೆ. “ಬಸ್ ಓಡಿಸೋನಿಗೆ ಬ್ರೇಕ್ ಒತ್ತೋದು ಹೇಳ್ಕೊಡ್ತೀಯಾ, ಹೋಗು” ಅಂದೆ ನೀನು.

ನಾನು ಹೊರಗೆ ಬರುವಷ್ಟರಲ್ಲಿ ಆ ಪೊಲೀಸಿನವನು ನಿನ್ನ ತೋಳು ಹಿಡಿದು ಎಳೆಯುತ್ತಿದ್ದ. ರಸ್ತೆಗೆ ಅಡ್ಡ ಗಾಡಿ, ಇಂಜಿನ್ನು ಆನ್, ಬಾಯಲ್ಲಿ ವಾಸನೆ, ಇಳಿ ಅಂದರೆ ಇಳಿಯಲ್ಲ ಅನ್ನುವವನು. ಅವನಿಗೆ ಹೇಗೆ ಕಂಡಿರಬಹುದು ಹೇಳು. ನೀನು ಹೇಳುತ್ತಲೇ ಇದ್ದೆ, ಸಾರ್, ಕಾಲು ತೆಗೆಯೋಕಾಗಲ್ಲ, ಹಿಂದೆ ಜನ ಇದಾರೆ ಅಂತ. ಕುಡಿದವನ ಉದ್ಧಟತನ ಅಂದುಕೊಂಡ. ಎಳೆದ.

ಭಾವನ ಕಾಲು ಗಾಡಿಗೂ ಗೇಟಿನ ಕಂಬಕ್ಕೂ ನಡುವೆ. ಅದನ್ನು ಬರೆಯಲಾರೆ.

ಅವರು ಗಂಟುಗಳ ಹಿಂದೆ ಇದ್ದವರು, ನಾವು ಅದಲುಬದಲಾಗಿದ್ದು ಅವರಿಗೆ ಕಾಣಲಿಲ್ಲ. ಕುಡಿದ ಅಮಲಿನಲ್ಲಿ ಚೇಷ್ಟೆಗೆ ನೀನೇ ಹತ್ತಿದೆ ಅಂದುಕೊಂಡು ಹಾಗೇ ಹೇಳಿಕೆ ಕೊಟ್ಟಿದ್ದಾರೆ. ಆಸ್ಪತ್ರೆಯಲ್ಲಿ ನಾನು ಅವರ ಮಂಚದ ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಹೇಳಲಾ ಪುಟ್ಟ? ನೀನು ಹೇಳು ಅಂದರೆ ಹೇಳುತ್ತೇನೆ.

ಅಕ್ಕ

&nbsp;

ಜೂನ್ 9, ಸೋಮವಾರ

ಸದಾ ಚಿಂತೆ ಮಾಡುವ ಚಿಂತಾಮಣಿ ಅಕ್ಕನಿಗೆ,

ಇಲ್ಲಿ ಬಂದ ಪತ್ರವನ್ನೆಲ್ಲ ಒಡೆದು ಓದುವ ಗುಮಾಸ್ತರೊಬ್ಬರಿದ್ದಾರೆ. ನಿನ್ನ ಪತ್ರ ಬಂದ ದಿನ ಅವರಿಗೆ ಹಲ್ಲುನೋವು. ನಮ್ಮ ಪುಣ್ಯ. ಇದನ್ನು ಇವತ್ತು ಬಿಡುಗಡೆಯಾಗುವ ಒಬ್ಬ ಬಡಗಿಯ ಕೈಯಲ್ಲಿ ಕೊಡುತ್ತಿದ್ದೇನೆ. ಅವನಿಗೆ ಒಂದು ಟೀ ಕೊಡು. ಮಾತಿಗೆ ಕೂರಿಸಿದರೆ ಎದ್ದು ಹೋಗುವವನಲ್ಲ, ಜೋಪಾನ.

ಮೊದಲು ನಿನ್ನ ತಲೆ ಸ್ವಲ್ಪ ತಣ್ಣಗಾಗಲಿ. ಕುಡಿದು ಗಾಡಿ ಅಂದರೆ ಎಲ್ಲ ಒಂದೇ ಕೇಸು ಅಂದುಕೊಂಡಿದ್ದೀಯ. ಅಲ್ಲ. ಇಲ್ಲಿ ನನ್ನ ಜೊತೆ ಇರುವವರಲ್ಲಿ ಮೂವರು ಇದೇ ಬಾಬತ್ತಿನವರು, ಮೂವರದೂ ಬೇರೆ ಬೇರೆ. ಕುಡಿದು ಗಾಡಿಯಲ್ಲಿ ಸುಮ್ಮನೆ ಕೂತಿದ್ದು, ಗಾಡಿ ತನ್ನ ಹತೋಟಿಯಲ್ಲಿ ಇಟ್ಟುಕೊಂಡಿದ್ದು, ಅದು ಚಿಕ್ಕದು. ದಂಡ ಕಟ್ಟಿಸುತ್ತಾರೆ, ಲೈಸೆನ್ಸು ಕೆಲವು ತಿಂಗಳು ಕಿತ್ತುಕೊಂಡು ವಾಪಸ್ ಕೊಡುತ್ತಾರೆ. ಕುಡಿದು ಓಡಿಸಿದ್ದು ಅದಕ್ಕಿಂತ ದೊಡ್ಡದು. ಓಡಿಸಿ ಯಾರಿಗಾದರೂ ಪೆಟ್ಟಾಗಿದ್ದರೆ ಇನ್ನೂ ದೊಡ್ಡದು. ನನ್ನದು ಚಿಕ್ಕದು. ಕೂತಿದ್ದೆ, ಅಷ್ಟೇ. ಜಾಮೀನಿಗೆ ನಿಲ್ಲುವವರಿಲ್ಲ ಅಂತ ಒಳಗಿದ್ದೇನೆಯೇ ಹೊರತು ಮತ್ತೇನೂ ಇಲ್ಲ.

ಇನ್ನೊಂದು ಇದೆ. ಕುಡಿದವನು ಅಂತ ಗೊತ್ತಿದ್ದೂ ಅವನ ಕೈಗೆ ಗಾಡಿ ಕೊಟ್ಟವರ ಮೇಲೂ ಕೇಸು ಹಾಕುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ, ಸರಿಯಾಗಿ ಕೇಳಿಸಿಕೋ. ನನ್ನನ್ನು ಯಾರೂ ಕೂರಿಸಲಿಲ್ಲ. ನಾನೇ ಹತ್ತಿದೆ. ನಿನಗೆ ಏನೋ ನೆನಪಿನ ಗೊಂದಲ. ಸ್ಟವ್ ಆರಿಸಿದ್ದೀನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ ಹೋಗುವವಳು ನೀನು, ಸ್ಟೇಷನ್ನಿನಲ್ಲಿ ಒಂದು ಗಂಟೆ ಕೂರಿಸಿದರೆ ಸತ್ತೇ ಹೋಗುತ್ತೀಯ. ಭಾವನಿಗೂ ಹೇಳಬೇಡ.

ಅವರ ಕಾಲು ಹೇಗಿದೆ? ಅದೊಂದನ್ನು ಬರಿ. ನನ್ನ ಸಮಾಧಾನಕ್ಕೆ ಬರೆಯಬೇಡ, ಇದ್ದದ್ದು ಇದ್ದ ಹಾಗೆ ಬರಿ.

ಪುಟ್ಟ

&nbsp;

ಜೂನ್ 16, ಸೋಮವಾರ

ಪುಟ್ಟನಿಗೆ,

ನಿನ್ನ ಬಡಗಿ ಮೂರು ಟೀ ಕುಡಿದು, ಕುಂಟುತ್ತಿದ್ದ ನಮ್ಮ ಸ್ಟೂಲನ್ನು ಸರಿಮಾಡಿ, ನಿನ್ನ ಗೊರಕೆಯ ಬಗ್ಗೆ ದೂರು ಹೇಳಿ ಹೋದ.

ಭಾವನ ಕಾಲು ವಾಸಿಯಾಗುತ್ತಿದೆ. ಡಾಕ್ಟರಿಗೆ ಸಮಾಧಾನ ಇದೆಯಂತೆ. ಜ್ವರ ಇಳಿದಿದೆ. ಊಟ ಸೇರುತ್ತಿದೆ. ಕೋಲು ಹಿಡಿದು ಕಿಟಕಿಯವರೆಗೆ ಹೋಗಿ ಬಂದರು. ನೀನು ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ನಿನ್ನದು ಚಿಕ್ಕದು ಅಂತ ಓದಿದ ಮೇಲೆ ಎರಡು ದಿನ ನೆಮ್ಮದಿಯಾಗಿ ನಿದ್ದೆ ಬಂತು. ಆಮೇಲೆ ಇಂಜಿನ್ನಿನ ಯೋಚನೆ ಹತ್ತಿತು. ಕೂತಿದ್ದು ಅಂತೀಯ, ಸರಿ, ಆದರೆ ಇಂಜಿನ್ನು ಆನ್ ಇತ್ತಲ್ಲ? ಆನ್ ಇದ್ದ ಗಾಡಿಯಲ್ಲಿ ಕೂತರೆ ಓಡಿಸಿದ ಹಾಗಾ? ಔಷಧಿ ಅಂಗಡಿಯವನನ್ನು ಕೇಳಿದೆ, ನನ್ನ ಗೆಳತಿಯ ಸಂಸಾರದಲ್ಲಿ ಹೀಗಾಗಿದೆ ಅಂತ ಕತೆ ಕಟ್ಟಿ. ಅವನು ಹೌದು ಅಂದ. ವಾರ್ಡಿನ ಆಯಾ ಇಲ್ಲ ಅಂದಳು. ನಮ್ಮ ಲೆಕ್ಕ ಬರೆಯುವವರು ಕನ್ನಡಕ ತೆಗೆದು, ಗಾಡಿ ಚಲಿಸಿತ್ತಾ ಅನ್ನುವುದೇ ಮುಖ್ಯ ಅಂದರು. ಚಲಿಸಿತ್ತಲ್ಲ ಪುಟ್ಟ. ಚಲಿಸಿಯೇ ತಾನೇ ಹೀಗಾಗಿದ್ದು. ಆದರೆ ಬ್ರೇಕು ಬಿಟ್ಟರೆ ಅದು ಓಡಿಸಿದ ಹಾಗಾ? ಬಿಟ್ಟಿದ್ದು ಬೇರೆ, ಬಿಡಿಸಿದ್ದು ಬೇರೆ ಅಲ್ಲವಾ? ಸ್ಟೇರಿಂಗು ಮುಟ್ಟದವನನ್ನು ಡ್ರೈವರ್ ಅಂತ ಯಾರಾದರೂ ಅನ್ನುತ್ತಾರಾ? ಇವತ್ತು ಇದನ್ನೇ ಯೋಚಿಸುತ್ತ ದಿಂಬಿನ ಕವರು ಇಸ್ತ್ರಿ ಮಾಡುವ ಬದಲು ಎರಡು ಸಲ ಒಗೆಯಲು ಹಾಕಿದೆ.

ನೀನು ಹೇಳಬೇಡ ಅಂದಿದ್ದಕ್ಕೆ ಸುಮ್ಮನಿದ್ದೇನೆ. ನಿನ್ನ ಮಾತು ಕೇಳಿ ಸುಮ್ಮನಿದ್ದೇನೋ, ನನ್ನ ಹೆದರಿಕೆಗೆ ಸುಮ್ಮನಿದ್ದೇನೋ, ಅದನ್ನು ಮಾತ್ರ ಕೇಳಬೇಡ. ಚಿಕ್ಕದೇ ಆದ ಮೇಲೆ ಹೇಳಿ ಏನು ಪ್ರಯೋಜನ ಅಂತ ದಿನಾ ನನಗೇ ನಾನು ಹೇಳಿಕೊಳ್ಳುತ್ತೇನೆ.

ಅವರ ಚಪ್ಪಲಿ ತೊಳೆದು ಮಂಚದ ಕೆಳಗೆ ಇಟ್ಟಿದ್ದೇನೆ.

ಅಕ್ಕ

&nbsp;

ಜೂನ್ 24, ಮಂಗಳವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಊಟ, ನೀರು, ಎಲ್ಲ ವ್ಯವಸ್ಥೆಯೂ ಚೆನ್ನಾಗಿದೆ. ನಿನ್ನ ಹೋದ ಪತ್ರ ನನ್ನ ಕೈ ಸೇರಿದ ಮರುದಿನವೇ ಗುಮಾಸ್ತರ ಹಲ್ಲುನೋವು ವಾಸಿಯಾಗಿದ್ದು ನಮಗೆಲ್ಲರಿಗೂ ಸಂತೋಷ ತಂದಿದೆ.

ಅಂದಿನ ಘಟನೆಯಲ್ಲಿ ನಾನು ಸ್ವಂತ ಇಚ್ಛೆಯಿಂದ ವಾಹನ ಹತ್ತಿದ್ದು ನಿನಗೆ ತಿಳಿದೇ ಇದೆ. ನೀನು ಆಗ ಒಳಗಿದ್ದೆ, ಏನನ್ನೂ ನೋಡಲಿಲ್ಲ.

ನಾವು ಆರು ಜನ ಒಂದು ಕೋಣೆಯಲ್ಲಿದ್ದೇವೆ. ನನ್ನ ಜಾಗ ಗೋಡೆಯ ಪಕ್ಕ. ನಿದ್ದೆಯಲ್ಲಿ ಬಲಗಾಲಿನಿಂದ ಗೋಡೆ ಒತ್ತುತ್ತಿರುತ್ತೇನಂತೆ. ಬೆಳಿಗ್ಗೆ ಎದ್ದರೆ ಮೀನಖಂಡ ಹಿಡಿದುಕೊಂಡಿರುತ್ತದೆ. “ಬೀಳ್ಸು ಮಾರಾಯ, ಬೀಳ್ಸು, ಆ ಕಡೆಯಿಂದ ಎಲ್ಲರೂ ಹೊರಗೆ ಹೋಗೋಣ” ಅಂತ ಪಕ್ಕದವನು ತಮಾಷೆ ಮಾಡುತ್ತಾನೆ.

ಭಾವನ ಕಾಲು ವಾಸಿಯಾಗುತ್ತಿದೆ ಅಂತ ಓದಿ ನನಗೆ ಅರ್ಧ ಜೀವ ಬಂತು. ಅದನ್ನು ನಂಬಿಯೇ ಒಂದು ತೀರ್ಮಾನ ಮಾಡಿದ್ದೇನೆ. ಮುಂದಿನ ತಿಂಗಳು ಹದಿನಾಲ್ಕಕ್ಕೆ ಕೋರ್ಟಿನಲ್ಲಿ ಹಾಜರಿ. ಅವತ್ತಿಗೆ ಎಲ್ಲ ಮುಗಿಯುತ್ತದೆ. ನೀನು ಬರುವ ಅಗತ್ಯವಿಲ್ಲ.

ನಿನ್ನ ತಮ್ಮ

&nbsp;

ಜುಲೈ 4, ಶುಕ್ರವಾರ

ಪುಟ್ಟ,

ಇದನ್ನು ನಿನ್ನ ವಕೀಲರಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ, ಗುಮಾಸ್ತರ ಕಣ್ಣಿಗೆ ಬೀಳುವುದಿಲ್ಲ.

ಸರ್ಕಾರದಿಂದ ನಿನಗೆ ಕೊಟ್ಟಿರುವ ಆ ವಕೀಲರಮ್ಮ ನಿನ್ನೆ ಆಸ್ಪತ್ರೆಗೆ ಬಂದಿದ್ದರು, ಭಾವನ ಕಾಗದಪತ್ರ ನೋಡಲು. ವಯಸ್ಸು ನಿನಗಿಂತ ಕಮ್ಮಿ. ಹೆಗಲಿಗೆ ದೊಡ್ಡ ಚೀಲ, ಬೂಟಿನ ಹಿಮ್ಮಡಿ ಒಂದೇ ಕಡೆ ಸವೆದಿದೆ. ಭಾವ ನಿದ್ದೆಯಲ್ಲಿದ್ದರು. ಆಕೆ ಮಂಚದ ಕಾಲ್ದೆಸೆಯಲ್ಲಿ ನಿಂತು, ಹೊದಿಕೆ ನೋಡಿ, ನನ್ನ ಮುಖ ನೋಡಿದರು. “ವಾಸಿಯಾಗ್ತಿದೆ ಅಂತ ನಿಮ್ಮ ತಮ್ಮ ಹೇಳಿದ್ರಲ್ಲ?” ಅಂದರು.

ಪುಟ್ಟ, ಕಾಲನ್ನು ಮಂಡಿಯ ಕೆಳಗೆ ತೆಗೆದರು. ಜೂನ್ ಐದಕ್ಕೇ ತೆಗೆದರು. ನಾನು ನಿನಗೆ ಸುಳ್ಳು ಬರೆದೆ. ಕೋಲು ಹಿಡಿದು ಕಿಟಕಿಯವರೆಗೆ ಹೋಗಿದ್ದು ಪಕ್ಕದ ಮಂಚದವರು. ನೀನು ಒಳಗೆ ಕೂತು ಕೊರಗುತ್ತೀಯ, ಬಾಗಿಲು ತೆಗೆದು ಓಡಾಡಲು ಕೂಡ ಜಾಗವಿಲ್ಲದವನಿಗೆ ಇದನ್ನು ಹೇಗೆ ಹೇಳುವುದು ಅಂತ ಬರೆಯಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೂತು ಆಕೆ ಎಲ್ಲ ಬಿಡಿಸಿ ಹೇಳಿದರು. ಆಗ ನಿನ್ನ ಸುಳ್ಳು ಹೊರಗೆ ಬಂತು. ನಿನ್ನ ಮೇಲಿರುವುದು ಚಿಕ್ಕದಲ್ಲ, ದೊಡ್ಡದು. ತಾನು ಬಂದಾಗ ಗಾಡಿ ಆಗಲೇ ಚಲಿಸುತ್ತಿತ್ತು ಅಂತ ಆ ಪೊಲೀಸಿನವನು ಬರೆದುಕೊಟ್ಟಿದ್ದಾನೆ. ನೀನು ಅದಕ್ಕೆ ಹೌದು ಅಂದಿದ್ದೀಯ. ನಾನೇ ಹತ್ತಿದೆ, ನಾನೇ ಓಡಿಸಿದೆ, ಹದಿನಾಲ್ಕಕ್ಕೆ ಒಪ್ಪಿಕೊಳ್ಳುತ್ತೇನೆ ಅಂದಿದ್ದೀಯ. ಯಾಕೆ ಅಂತ ಅವರಿಗೆ ಅರ್ಥವಾಗಿಲ್ಲ. ನನಗೆ ಆಯಿತು. ಸುಮ್ಮನೆ ಕೂತಿದ್ದೆ ಅಂದರೆ, ಯಾಕೆ ಕೂತಿದ್ದೆ, ದಿನಾ ಯಾರು ಕೂರುತ್ತಿದ್ದರು, ಅವತ್ತು ನಿನ್ನನ್ನು ಯಾರು ಕೂರಿಸಿದರು ಅಂತ ಕೇಳುತ್ತಾರೆ. ಓಡಿಸಿದೆ ಅಂದರೆ ಅಲ್ಲಿಗೆ ಪ್ರಶ್ನೆ ಮುಗಿಯಿತು.

ಕಾಲು ವಾಸಿಯಾಗುತ್ತದೆ ಅನ್ನುವ ಲೆಕ್ಕದಲ್ಲಿ ನೀನು ಒಪ್ಪಿದ್ದು. ಗಾಯ ಮಾಯುವಂಥದ್ದಾದರೆ ಕೆಲವು ತಿಂಗಳು. ಅಂಗವೇ ಹೋದರೆ ವರ್ಷಗಟ್ಟಲೆ, ಲೈಸೆನ್ಸು ಜೀವಮಾನಕ್ಕೂ ಇಲ್ಲ. ನನ್ನ ಸುಳ್ಳನ್ನು ನಂಬಿ ನೀನು ಸಹಿ ಹಾಕಲು ಹೊರಟೆ. ನಿನ್ನ ಸುಳ್ಳನ್ನು ನಂಬಿ ನಾನು ಬಾಯಿ ಮುಚ್ಚಿಕೊಂಡೆ.

ಲಾಂಡ್ರಿಯವಳ ತಲೆಗೆ ಇದು ಹೇಗೆ ಹೋಯಿತು ಗೊತ್ತಾ? ಆಸ್ಪತ್ರೆಯಿಂದ ಬರುವ ಚಾದರಗಳೆಲ್ಲ ಒಂದೇ. ಕಲೆ ಮಾತ್ರ ಬೇರೆ. ಬೆವರಿನದ್ದಕ್ಕೆ ಒಂದು ನೀರು, ರಕ್ತದ್ದಕ್ಕೆ ತಣ್ಣೀರು, ತುಕ್ಕಿನದಕ್ಕೆ ಆಸಿಡ್ಡು. ಬಾಗಿಲಲ್ಲಿ ನಿಂತು ಬೇರ್ಪಡಿಸುವವಳು ತಪ್ಪಾಗಿ ಎಸೆದರೆ ಒಳ್ಳೆ ಬಟ್ಟೆಯೂ ಚಿಂದಿಯಾಗಿ ಬರುತ್ತದೆ. ನಿನ್ನನ್ನು ಯಾವುದರಲ್ಲಿ ಹಾಕುತ್ತಾರೆ ಅನ್ನುವುದು ಒಂದೇ ಮಾತಿನಲ್ಲಿದೆ, ಗಾಡಿಯನ್ನು ನೀನು ಓಡಿಸಿದೆಯೋ, ಹಿಡಿದಿಟ್ಟುಕೊಂಡಿದ್ದೆಯೋ. ಹಿಡಿದಿಟ್ಟಿದ್ದೆ ಅಂತ ಹೇಳಲು ಕಣ್ಣಾರೆ ಕಂಡವರು ಬೇಕು. ಭಾವ ಗಂಟಿನ ಹಿಂದೆ ಇದ್ದರು. ಪೊಲೀಸಿನವನು ತನ್ನ ತಲೆಯ ಮೇಲೆ ತಾನೇ ಹಾಕಿಕೊಳ್ಳುವುದಿಲ್ಲ. ಬಾಗಿಲಿಂದ ನೋಡಿದವಳು ಒಬ್ಬಳೇ.

“ಅವನನ್ನ ಯಾರಾದ್ರೂ ಅಲ್ಲಿ ಕೂರಿಸಿದ್ರೆ?” ಅಂತ ಶುರು ಮಾಡಿದೆ. ವಕೀಲರಮ್ಮ ಪೆನ್ನಿನ ಮುಚ್ಚಳ ಹಾಕಿದರು. “ನಾನು ಅವರ ವಕೀಲೆ ಅಮ್ಮ, ನಿಮ್ಮವಳಲ್ಲ. ಮುಂದಿನ ಮಾತು ಆಡೋ ಮೊದ್ಲು ಯೋಚ್ನೆ ಮಾಡಿ” ಅಂದರು. ಕುಡಿದವನು ಅಂತ ಗೊತ್ತಿದ್ದೂ ಕೂರಿಸಿದವರಿಗೆ ಏನೇನಾಗಬಹುದು ಅಂತ ಮೆಲ್ಲಗೆ ಹೇಳಿದರು. ದಂಡವಾಗಬಹುದು, ಒಳಗೂ ಹಾಕಬಹುದು, ಅದು ನ್ಯಾಯಾಧೀಶರ ಮನಸ್ಸು. ಕೆಲಸ ಹೋಗುವುದಂತೂ ಖಂಡಿತ.

ನಾನು ಮುಂದಿನ ಮಾತು ಆಡಲಿಲ್ಲ ಪುಟ್ಟ. ಆಕೆ ಬೆಂಚಿನಿಂದ ಏಳುವುದನ್ನು, ಚೀಲ ಹೆಗಲಿಗೆ ಹಾಕಿಕೊಳ್ಳುವುದನ್ನು, ಕಾರಿಡಾರಿನ ತಿರುವಿನವರೆಗೆ ಹೋಗುವುದನ್ನು ನೋಡುತ್ತ ಕೂತೆ. ಕರೆಯಬಹುದಿತ್ತು. ಕರೆಯಲಿಲ್ಲ.

ಇವತ್ತು ಮತ್ತೆ ಬಂದಾಗ ಈ ಲಕೋಟೆ ಮಾತ್ರ ಕೊಡುತ್ತಿದ್ದೇನೆ. ನೀನು ಅಲ್ಲಿ ಒಪ್ಪಿಕೊಳ್ಳಬೇಡ. ದಮ್ಮಯ್ಯ ಅಂತೀನಿ.

ಅಕ್ಕ

&nbsp;

ಜುಲೈ 8, ಮಂಗಳವಾರ

ಅಕ್ಕ,

ಎರಡು ದಿನ ಏನೂ ಬರೆಯಲಾಗಲಿಲ್ಲ. ಇದನ್ನೂ ಅಂಟಿಸಿ ವಕೀಲರಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ.

ಭಾವ ನನಗೆ ಸೈಕಲ್ ಕಲಿಸಿದವರು. ಹಿಂದಿನಿಂದ ಹಿಡಿದುಕೊಂಡು ಓಡುತ್ತಿದ್ದರು, ಬಿಟ್ಟಿದ್ದು ಗೊತ್ತಾಗದ ಹಾಗೆ ಬಿಡುತ್ತಿದ್ದರು. ನಾನು ತಿರುಗಿ ನೋಡಿ ಬಿದ್ದರೆ, ಯಾಕೋ ನೋಡ್ದೆ, ನೋಡದೇ ಇದ್ದಿದ್ರೆ ಬೀಳ್ತಿರ್ಲಿಲ್ಲ ಅನ್ನುತ್ತಿದ್ದರು.

ನೀನು ಮೊದಲೇ ಬರೆದಿದ್ದರೆ ನಾನು ಬೇರೆ ಹೇಳುತ್ತಿದ್ದೆನೋ ಏನೋ. ಗೊತ್ತಿಲ್ಲ. ಈಗ ಮಾತ್ರ ಒಂದೇ ದಾರಿ. ನೀನು ಬಾಯಿ ಬಿಡಬೇಡ. ಆ ಮನೆಯಲ್ಲಿ ಇನ್ನು ನಿಂತು ದುಡಿಯುವವಳು ನೀನೊಬ್ಬಳೇ. ನಿನ್ನ ಕೆಲಸವೂ ಹೋದರೆ ಭಾವ ಏನು ಮಾಡುತ್ತಾರೆ? ನೀನು ಒಳಗೆ ಬಂದರೆ ಅವರಿಗೆ ನೀರು ಕೊಡುವವರು ಯಾರು? ನಾನು ಒಂಟಿ ಆಸಾಮಿ. ಬಸ್ಸಿಲ್ಲದಿದ್ದರೆ ಮೂಟೆ ಹೊರುತ್ತೇನೆ.

ವಕೀಲರಮ್ಮ ಬಂದು ಬೇಡ ಬೇಡ ಅಂತ ತಲೆ ತಿಂದರು. ಸರಿ ಸರಿ ಅಂತ ಕಳಿಸಿದೆ. ಆದರೆ ಮನಸ್ಸು ಬದಲಾಗಿಲ್ಲ.

ನೀನು ಬರೋವರೆಗೂ ಕಾಲು ತೆಗೀಬೇಡ ಅಂದಿದ್ದೆ. ಒಂದು ಸಲ ತೆಗೆದೆ, ಏನಾಯಿತು ನೋಡಿದೆಯಲ್ಲ. ಇನ್ನು ತೆಗೆಯುವುದಿಲ್ಲ.

ಹದಿನಾಲ್ಕಕ್ಕೆ ಬರಬೇಡ. ಬಂದರೂ ನಿನ್ನ ಕಡೆ ನೋಡುವುದಿಲ್ಲ.

ಪುಟ್ಟ

&nbsp;

ಜುಲೈ 13, ಭಾನುವಾರ

ಪುಟ್ಟನಿಗೆ,

ಬುಧವಾರ ಭಾವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಶುಕ್ರವಾರ ಅವರಿಗೆ ಹೇಳಿದೆ.

ಸ್ನಾನ ಮಾಡಿಸಿ ಬೆನ್ನು ಒರೆಸುತ್ತಿದ್ದೆ. ಮುಖ ಕಾಣುವುದಿಲ್ಲ ಅನ್ನುವ ಧೈರ್ಯ. ಚಾದರ ಕಮರಿದ ವಾಸನೆಗೆ ಒಳಗೆ ಓಡಿದೆ, ಪುಟ್ಟನನ್ನು ಕೂರಿಸಿದವಳು ನಾನೇ ಅಂದೆ. ಟವಲು ನನ್ನ ಕೈಯಲ್ಲೇ ತಣ್ಣಗಾಯಿತು. ಆಮೇಲೆ ಕೇಳಿದರು.

“ಆ ಚಾದರ ಸುಟ್ಟಿತ್ತಾ?”

“ಇಲ್ಲ. ಅಂಚು ಸ್ವಲ್ಪ ಕೆಂಪಾಗಿತ್ತು.”

“ಒಗೆದ್ರೆ ಹೋಯ್ತಾ?”

“ಹೋಯ್ತು.”

ಅಷ್ಟೇ. ಗೋಡೆಯ ಕಡೆ ತಿರುಗಿ ಮಲಗಿದರು. ನಿನ್ನೆ ಸಂಜೆಯವರೆಗೂ ತಿರುಗಲಿಲ್ಲ. ತಟ್ಟೆ ಇಟ್ಟ ಹಾಗೇ ಇತ್ತು. ನಾನು ಅಡುಗೆಮನೆಗೂ ಮಂಚಕ್ಕೂ ನಡುವೆ ಎಷ್ಟು ಸಲ ಓಡಾಡಿದೆನೋ. ಒಂದು ಸಲ ಬಾಗಿಲ ಹೊರಗೆ ಹೋಗಿ ನಿಂತೆ, ಎಲ್ಲಿಗೆ ಹೋಗುವುದು ತಿಳಿಯದೆ ಒಳಗೆ ಬಂದೆ.

ಸಂಜೆ ಅವರೇ ಕರೆದರು. “ನಿಂಗೆ ಲೈಸೆನ್ಸ್ ಇದೆಯಾ?” ಅಂದರು. ಇಲ್ಲ ಅಂದೆ. “ಇಲ್ಲದೋಳನ್ನ ಅಷ್ಟು ವರ್ಷ ಅಲ್ಲಿ ಕೂರ್ಸಿದ್ದು ಯಾರು?” ಅಂದರು. ಆಮೇಲೆ ಮೆಲ್ಲಗೆ, “ಹೇಳೋದು ಹೋಗಿ ಹೇಳು. ನನ್ನ ಮುಂದೆ ಮಾತ್ರ ಇನ್ನೊಂದ್ಸಲ ಹೇಳ್ಬೇಡ. ನಿನ್ನ ಮುಖ ನೋಡೋದು ಯಾವಾಗ ಆಗುತ್ತೋ ನಂಗೂ ಗೊತ್ತಿಲ್ಲ” ಅಂದರು. ಕ್ಷಮಿಸಿದ್ದಾರೆ ಅಂತ ನಾನು ಅಂದುಕೊಂಡಿಲ್ಲ. ನೀನೂ ಅಂದುಕೊಳ್ಳಬೇಡ. ಆದರೆ ತಟ್ಟೆ ಖಾಲಿಯಾಗಿತ್ತು.

ಪಕ್ಕದ ಮನೆಯ ಅಜ್ಜಿ ನಾಳೆ ಇಡೀ ದಿನ ಅವರ ಜೊತೆ ಇರುತ್ತಾರೆ. ನಾಡಿದ್ದೂ ಇರಬೇಕಾಗಬಹುದು ಅಂದೆ, ಯಾಕೆ ಅಂತ ಕೇಳಲಿಲ್ಲ. ವಕೀಲರಮ್ಮನಿಗೆ ಫೋನು ಮಾಡಿ ಮುಂದಿನ ಮಾತು ಆಡಿಬಿಟ್ಟೆ. ಆಕೆ, ನಾಳೆ ಮೊದಲ ಬಸ್ಸಿಗೆ ಬನ್ನಿ, ಕೋರ್ಟಿನ ಮೆಟ್ಟಿಲ ಹತ್ತಿರ ನಿಂತಿರಿ, ಬೇರೆ ಯಾರ ಹತ್ತಿರವೂ ಮಾತಾಡಬೇಡಿ ಅಂದರು. ನನಗೆಂದೇ ಇನ್ನೊಬ್ಬ ವಕೀಲರನ್ನು ಕರೆತರುತ್ತಾರಂತೆ. ನನ್ನ ಮಾತು ನಿಂತರೆ ನಿನ್ನದು ಚಿಕ್ಕದಕ್ಕೆ ಇಳಿಯಬಹುದು ಅಂದರು. ನಿಲ್ಲುತ್ತದೆಯೇ ಅಂದೆ. ಪೊಲೀಸಿನವನ ಕಡೆಯವರು ಪ್ರಶ್ನೆ ಕೇಳಿ ಕೇಳಿ ನಿಮಗೆ ಅಳು ಬರಿಸಲು ನೋಡುತ್ತಾರೆ ಅಂದರು. ಅದಕ್ಕೆ ಅವರು ಕಷ್ಟಪಡಬೇಕಾಗಿಲ್ಲ ಅಂದೆ. ಆಕೆ ನಕ್ಕರು. ನನ್ನ ಮೇಲೆ ಬರುವುದು ಬರಲಿ.

ಸ್ಟವ್ ಆರಿಸಿದ್ದೇನೆ, ನೋಡಿ ಬಂದೆ. ಕೋರ್ಟಿನಲ್ಲಿ ನಿಂತು ಮಾತಾಡಬೇಕೋ ಕೂತು ಆಡಬೇಕೋ, ಅವರು ಕೇಳಿದ್ದಕ್ಕೆ ಮಾತ್ರ ಹೇಳಬೇಕೋ ಎಲ್ಲ ಒಟ್ಟಿಗೆ ಹೇಳಬಹುದೋ ಗೊತ್ತಿಲ್ಲ. ನಿಲ್ಲಿಸಿದಲ್ಲಿ ನಿಂತು, ಇಂಜಿನ್ನು ಆನ್ ಇತ್ತು, ಗಾಡಿ ನಿಂತಿತ್ತು, ಇವನ ಕಾಲು ಬ್ರೇಕಿನ ಮೇಲಿತ್ತು, ಇಡಿಸಿದವಳು ನಾನು ಅಂತ ಹೇಳುತ್ತೇನೆ. ಇದನ್ನೇ ಬಾಯಿಪಾಠ ಮಾಡುತ್ತಿದ್ದೇನೆ. ಸ್ಕೂಲಿನಲ್ಲೂ ಇಷ್ಟು ಓದಿರಲಿಲ್ಲ.

ನಿನ್ನನ್ನು ಒಳಗೆ ಕರೆಯುವ ಮೊದಲು ವಕೀಲರಮ್ಮ ಈ ಪತ್ರ ನಿನ್ನ ಕೈಗೆ ಕೊಡುತ್ತಾರೆ. ನನ್ನ ಕಡೆ ನೋಡುವುದಿಲ್ಲ ಅಂದೆಯಲ್ಲ, ನೋಡಬೇಡ. ಇದನ್ನು ಓದಿದರೆ ಸಾಕು.

ಅವತ್ತು ಈಗ ಬರುತ್ತೇನೆ ಅಂತ ಒಳಗೆ ಹೋದವಳು ಇಷ್ಟು ತಡ ಮಾಡಿದೆ. ಬಂದಿದ್ದೇನೆ ಪುಟ್ಟ. ಹೊರಗೆ ಮೆಟ್ಟಿಲ ಹತ್ತಿರವೇ ಇದ್ದೇನೆ. ನೀನಿನ್ನು ಕಾಲು ತೆಗಿ.

ಅಕ್ಕ